ಮೋಟಾರು ಗಾನಯಂತ್ರಗಳ ಜಾಹೀರಾತುಗಳಲ್ಲಿ ಅತ್ಯುಕ್ತಿವಿಚಾರ

ಜಾಹೀರಾತು ಕಾವ್ಯವಲ್ಲ, ಆದುದರಿಂದ ಅಲಂಕಾರಶಾಸ್ತ್ರಕ್ಕೆ ಅದರಲ್ಲಿ ಅಧಿಕಾರವಿಲ್ಲ ಎನ್ನುವ ವಿದ್ವಾಂಸರು ನಮ್ಮಲ್ಲಿ ಉಂಟು. ಈ ಲೇಖಕನೂ ಬಹುಕಾಲ ಹಾಗೆಯೇ ಎಣಿಸಿದ್ದನು. ಹಿಂದಿನ ಶತಮಾನದ ಅಮೆರಿಕಾ ಮತ್ತು ಜರ್ಮನಿ ದೇಶಗಳ ಪತ್ರಿಕೆಗಳಲ್ಲಿ ಅಚ್ಚಾದ ಕಾರಿನ ರೇಡಿಯೋ, ಸ್ಟೀರಿಯೋ, ಡ್ಯಾಷ್‌ಬೋರ್ಡಿನ ವಿದ್ಯುನ್ಮಾನ ಸಾಧನ ಇವುಗಳ ಜಾಹೀರಾತುಗಳನ್ನು ಶಿಷ್ಯರೊಬ್ಬರು ಕಲೆಹಾಕಿ ತಂದು ಮುಂದಿಟ್ಟ ಮೇಲೆ ಆ ಎಣಿಕೆ ಸಡಿಲಿತು. ಮಾತು ಎಲ್ಲಿ ಮಿತಿಮೀರುತ್ತದೆ, ಮೀರಿದುದು ಎಲ್ಲಿ ಸಹ್ಯ, ಎಲ್ಲಿ ದೋಷ ಎಂಬುದು ನಮ್ಮ ಆಲಂಕಾರಿಕರ ನಿತ್ಯವಿಚಾರವಷ್ಟೆ. ವಸ್ತು ಅಂಗಡಿಯದೆಂಬ ಮಾತ್ರಕ್ಕೆ ಆ ವಿಚಾರವನ್ನು ಬಿಡಬೇಕಾಗಿಲ್ಲ.

ಮೊದಲು ಹೆಸರುಗಳನ್ನು ನೋಡೋಣ. ಷಿಕಾಗೋ ನಗರದ ಗಾಲ್ವಿನ್ ಕಂಪೆನಿಯು 1930ರಲ್ಲಿ ಕಾರಿನ ರೇಡಿಯೋವನ್ನು ಮಾರಾಟಕ್ಕೆ ತಂದು ‘ಮೋಟೊರೋಲ’ ಎಂದು ಹೆಸರಿಟ್ಟಿತು. ಮೋಟಾರು ಎಂಬ ಮಾತಿಗೆ, ಆಗ ಮನೆಮಾತಾಗಿದ್ದ ‘ವಿಕ್ಟ್ರೋಲ’ ಮೊದಲಾದ ಗಾನಯಂತ್ರಗಳ ಕೊನೆಯ ಅಕ್ಷರಗಳನ್ನು ಅಂಟಿಸಿದ ಪದವಿದು. ವೈಯಾಕರಣರು ಮೂಗುಮುರಿಯಬಹುದು, ಆದರೂ ಅರ್ಥವು ಫಕ್ಕನೆ ಹೊಳೆಯುತ್ತದೆ. ಇದಕ್ಕಿಂತ ಸ್ವಾರಸ್ಯವಾದುದು ಬರ್ಲಿನ್ನಿನ ಹೆಸರು. 1923ರಲ್ಲಿ ‘ಇಡೆಯಾಲ್’ ಎಂಬ ಹೆಸರಿನಿಂದ ಹುಟ್ಟಿದ ಅಲ್ಲಿನ ಕಂಪೆನಿಯು, ತಾನು ಪರೀಕ್ಷಿಸಿ ಒಪ್ಪಿದ ಹೆಡ್‌ಫೋನುಗಳ ಮೇಲೆ ನೀಲಿ ಚುಕ್ಕಿಯನ್ನಿಡುತ್ತಿತ್ತು. ಕೊಳ್ಳುವವರು ನೀಲಿ ಚುಕ್ಕಿಯನ್ನೇ ಕೇಳತೊಡಗಿದರು. 1938ರಲ್ಲಿ ‘ನೀಲಿ ಚುಕ್ಕಿ’ ಎಂಬರ್ಥದ ಜರ್ಮನ್ ಮಾತು, ‘ಬ್ಲೌಪುಂಕ್ಟ್’, ಕಂಪೆನಿಯ ಹೆಸರೇ ಆಯಿತು. ಗುರುತು ವಸ್ತುವನ್ನೂ, ವಸ್ತುವಿನ ಮೂಲಕ ಕರ್ತೃವನ್ನೂ ಸೂಚಿಸಿ ರೂಢಿಯಲ್ಲಿ ನಿಂತ ಈ ಪದವು ಲಕ್ಷಣಾವೃತ್ತಿಗೆ ಒಳ್ಳೆಯ ಉದಾಹರಣೆ. ಅದರ ಬುಡದಲ್ಲಿ ನಿಜವಾದ ಪರೀಕ್ಷೆಯೊಂದು ನಡೆದಿತ್ತೆಂಬುದೇ ಅದರ ಬಲ.

ವಿಶೇಷಣಗಳನ್ನು ಕುರಿತು ಹೆಚ್ಚು ಹೇಳಬೇಕಾದುದಿಲ್ಲ. ಕಾರಿನೊಳಗೆ ಸಂಗೀತಸಭೆಯೇ ಇಳಿದುಬಂದಂತೆ, ರಾತ್ರಿಯ ರಸ್ತೆ ಸ್ವರ್ಗದ ಹಾದಿಯಾದಂತೆ ಬರೆಯುವುದು ಈ ವರ್ಗದ ವಾಡಿಕೆ. ಇವು ಅತಿಶಯೋಕ್ತಿಗಳೆಂದು ಹುಡುಗನೂ ಬಲ್ಲನು. ದಂಡಿಯು ಕಾವ್ಯಾದರ್ಶದ ಮೊದಲ ಪರಿಚ್ಛೇದದಲ್ಲಿ, ಲೋಕದ ಮೇರೆಯೊಳಗೆ ನಿಂತು ಸೊಗಯಿಸುವ ಮಾತಿನ ಗುಣವನ್ನು ಕಾಂತಿಯೆಂದೂ, ಮೇರೆ ಮೀರಿ ಗೌಡರಿಗೆ ಪ್ರಿಯವಾದುದನ್ನು ಅತ್ಯುಕ್ತಿಯೆಂದೂ ಬೇರ್ಪಡಿಸಿದನು. ಬ್ರಹ್ಮನು ಮುಂದರಿಯದೆ ಆಕಾಶವನ್ನು ಕಿರಿದಾಗಿ ಮಾಡಿಬಿಟ್ಟನೆಂದು ದೂರುವ ಅತ್ಯುಕ್ತಿಯನ್ನು ಕೇಳಿ ಯಾರೂ ಕೋಲು ಹಿಡಿದು ಆಕಾಶವನ್ನಳೆಯಲು ಹೊರಡರು. ಅತ್ಯುಕ್ತಿಯು ಅರುಚಿಕರವಾಗಬಹುದು, ಆದರೆ ವಂಚಿಸಲಾರದು. ತಾನು ಅತ್ಯುಕ್ತಿಯೆಂದು ಅದೇ ಸಾರುತ್ತಿರುತ್ತದೆ.

ಇಲ್ಲಿಯವರೆಗೆ ಸರಿಯೆ. ಸಂಖ್ಯೆಯ ವಿಷಯದಲ್ಲಿ ಮಾತ್ರ ಈ ಲೇಖಕನು ತಪ್ಪಿದ್ದನು. ಅಲಂಕಾರವಿಲ್ಲದೆ ಸಂಗತಿಯನ್ನು ಮಾತ್ರ ತಿಳಿಸುವ ಮಾತನ್ನು ಭಾಮಹನು ವಾರ್ತೆಯೆಂದು ಕರೆದು ಕಾವ್ಯದಿಂದ ಹೊರಗಿಟ್ಟನಲ್ಲವೆ? ಜಾಹೀರಾತಿನ ಅಡಿಯಲ್ಲಿ ಸಣ್ಣಕ್ಷರದ ಅಂಕಿಗಳು ಅಂತಹ ವಾರ್ತೆ, ಶುದ್ಧ ಅಭಿಧೆ, ಅಲ್ಲಿ ಅತ್ಯುಕ್ತಿಗೆ ಎಡೆಯಿಲ್ಲವೆಂದು ತರಗತಿಯಲ್ಲಿ ಹೇಳಿದ್ದುಂಟು. ಲೆಕ್ಕ ಹಾಕಿ ನೋಡಿದಾಗ ಆ ಪಾಠವನ್ನು ಹಿಂದಕ್ಕೆ ತೆಗೆದುಕೊಳ್ಳಬೇಕಾಯಿತು.

ವ್ಯಾಟ್ ಎಂಬುದು ಸ್ಪೀಕರಿಗೆ ಊಡುವ ವಿದ್ಯುಚ್ಛಕ್ತಿಯ ಅಳತೆ. ಕಾರಿನ ಬ್ಯಾಟರಿ 12 ವೋಲ್ಟಿನದು. ಎಂಜಿನು ಓಡುವಾಗ ಸುಮಾರು 14.4 ವೋಲ್ಟ್ ದೊರೆಯುತ್ತದೆ. ಸ್ಪೀಕರಿನ ತಡೆ ವಾಡಿಕೆಯಲ್ಲಿ 4 ಓಮ್. ಸಾಧಾರಣ ರಚನೆಯ ಯಂತ್ರದಲ್ಲಿ ಧ್ವನಿಯ ಅಲೆಯು ಈ ವೋಲ್ಟಿನ ಅರ್ಧದಷ್ಟು, ಎಂದರೆ 7.2ರವರೆಗೆ, ಏರಬಲ್ಲದು. ಅದರ ವರ್ಗವನ್ನು ತಡೆಯ ಇಮ್ಮಡಿಯಿಂದ ಭಾಗಿಸಿದರೆ ಬರುವುದು ಆರೂವರೆ ವ್ಯಾಟ್. ಎರಡು ವರ್ಧಕಗಳನ್ನು ಎದುರುಬದುರಾಗಿ ಹೂಡಿ ಒಂದೇ ಸ್ಪೀಕರಿಗೆ ಜೋಡಿಸಿದರೆ ಸುಮಾರು 26. ಇದರ ಮೇಲಕ್ಕೆ ಹೋಗಬೇಕಾದರೆ ವೋಲ್ಟನ್ನೇ ಏರಿಸುವ ಬೇರೊಂದು ಸಾಧನ ಬೇಕು. ಇದು ಪ್ರಕೃತಿಯ ಮೇರೆ, ದಂಡಿಯು ಹೇಳಿದ ಲೋಕಮರ್ಯಾದೆಯೇ. ಈಗ ಜಾಹೀರಾತಿನ ಗಣಿತವನ್ನು ನೋಡಿರಿ. ಎಡೆಬಿಡದೆ ನಡೆಯುವ ಶಕ್ತಿಯನ್ನು ಬಿಟ್ಟು ಕ್ಷಣಮಾತ್ರದ ಶಿಖರವನ್ನು ಹಿಡಿದರೆ 26 ಎಂಬುದು 52. ನಾಲ್ಕು ಸ್ಪೀಕರುಗಳನ್ನು ಕೂಡಿಸಿದರೆ 208! ಗುಣಾಕಾರದಲ್ಲಿ ತಪ್ಪಿಲ್ಲ, ಪದದಲ್ಲಿ ಸುಳ್ಳಿಲ್ಲ; ಓದುವವನ ಮನಸ್ಸಿನಲ್ಲಿ ನಿಲ್ಲುವ ಅರ್ಥ ಮಾತ್ರ ಸುಳ್ಳು. ವಾರ್ತೆಯ ವೇಷ ತೊಟ್ಟ ಅತ್ಯುಕ್ತಿಯೆಂದರೆ ಇದು.

ನಿಜವಾದ ಸಂಖ್ಯೆಯೂ ಮರೆಮಾಡಬಲ್ಲದು. ಕ್ರೈಸ್ಲರ್ ಕಂಪೆನಿಯು ತನ್ನ 1956ರ ಕಾರುಗಳಿಗೆ ‘ಹೈವೇ ಹೈಫೈ’ ಎಂಬ ರೆಕಾರ್ಡು ಯಂತ್ರವನ್ನು ಒದಗಿಸಿತು. ಡ್ಯಾಷ್‌ಬೋರ್ಡಿನ ಕೆಳಗಿರುವ ಈ ಯಂತ್ರದಲ್ಲಿ ಏಳಂಗುಲದ ತಟ್ಟೆ ನಿಮಿಷಕ್ಕೆ 16⅔ ಸುತ್ತು ತಿರುಗುವುದು. ಕೊಲಂಬಿಯಾ ಕಂಪೆನಿಯ ಪೀಟರ್ ಗೋಲ್ಡ್‌ಮಾರ್ಕರು ಇದರ ನಿರ್ಮಾತೃ. ನಿಧಾನಗತಿಯ ಫಲವಾಗಿ ಒಂದೊಂದು ಮಗ್ಗುಲು ಮುಕ್ಕಾಲು ಗಂಟೆ ಹಾಡುತ್ತಿತ್ತೆಂಬುದು ದಿಟ. ಆದರೆ ಮನೆಯಲ್ಲಿ 33⅓ ಮತ್ತು 45 ಸುತ್ತಿನ ರೆಕಾರ್ಡುಗಳನ್ನು ಕೊಂಡಿಟ್ಟವನಿಗೆ ಆ 16⅔ರ ವ್ಯಂಗ್ಯಾರ್ಥ ಬೇರೆ: ನಿನ್ನ ಒಂದು ರೆಕಾರ್ಡೂ ಇಲ್ಲಿ ನಡೆಯದು. ವಾಚ್ಯಾರ್ಥವನ್ನು ಸೊಗಸಾಗಿ ಮೆರೆಯಿಸಿ ಈ ವ್ಯಂಗ್ಯವನ್ನು ಕೊಳ್ಳುವವನ ಪ್ರತಿಭೆಗೇ ಬಿಟ್ಟುಬಿಡುವುದು ವರ್ತಕರ ಚಾತುರ್ಯ. ಕೆಲವೇ ವರ್ಷಗಳಲ್ಲಿ ಆ ಯಂತ್ರ ನಿಂತುಹೋಯಿತು.

ಇಲ್ಲಿ ಒಂದು ಪೂರ್ವಪಕ್ಷ. ಚಕೋರವು ಬೆಳದಿಂಗಳನ್ನು ಕುಡಿಯುವುದೆಂಬಂತೆ, ವ್ಯಾಟಿನ ಸಂಖ್ಯೆಯನ್ನು ಉಬ್ಬಿಸುವುದೂ ಒಂದು ಸಮಯ. ಹೇಳುವವನಿಗೂ ಕೇಳುವವನಿಗೂ ಅದು ತಿಳಿದೇ ಇರುವಾಗ ದೋಷವೆಲ್ಲಿ? ಇದು ನಿಲ್ಲುವ ವಾದವಲ್ಲ. ಚಕೋರವನ್ನು ನಂಬಿ ಯಾರೂ ಹಣ ತೆತ್ತಿಲ್ಲ. ಕೇಳುವವರೆಲ್ಲರೂ ಬಲ್ಲವರಾಗಿದ್ದರೆ ಅಮೆರಿಕಾದ ಫೆಡರಲ್ ಟ್ರೇಡ್ ಕಮಿಷನ್ 1974ರಲ್ಲಿ ವರ್ಧಕಗಳ ಶಕ್ತಿಯನ್ನು ಹೀಗೆಯೇ ಅಳೆದು ಹೇಳಬೇಕೆಂದು ನಿಯಮ ಮಾಡಬೇಕಾಗುತ್ತಿರಲಿಲ್ಲ. ಆ ನಿಯಮವೂ ಮನೆಯ ವಿನೋದಸಾಧನಗಳಿಗೆ ಮಾತ್ರ ಅನ್ವಯಿಸಿದುದು. ಕಾರು ಅದರ ಹೊರಗುಳಿಯಿತು. ಹೀಗಾಗಿ ಗೃಹದ ವ್ಯಾಟು ಒಂದು, ರಥದ ವ್ಯಾಟು ಮತ್ತೊಂದು. ಶಬ್ದ ಒಂದೇ, ಅರ್ಥ ಎರಡು. ಇದರಿಂದ ಕೆಡುವವನು ಕೊಳ್ಳುವವನೊಬ್ಬನೇ ಅಲ್ಲ. ಪಕ್ಕದ ಪುಟದಲ್ಲಿ ಐವತ್ತೆಂದು ಅಚ್ಚಾಗಿರುವಾಗ ತನ್ನ ಆರೂವರೆಯನ್ನು ಆರೂವರೆಯೆಂದೇ ಬರೆಯುವ ಪ್ರಾಮಾಣಿಕನ ಮಾತಿಗೆ ಬೆಲೆಯೆಲ್ಲಿ? ಆಲಂಕಾರಿಕರು ದೋಷವನ್ನು ಒಂದು ಪದ್ಯದೊಳಗೆ ಹುಡುಕುವರು. ಈ ದೋಷವು ನೆರೆಯ ಪದ್ಯವನ್ನೂ ಕೆಡಿಸುತ್ತದೆ.

ಡ್ಯಾಷ್‌ಬೋರ್ಡಿನ ಇತರ ಸಾಧನಗಳ ಜಾಹೀರಾತುಗಳಲ್ಲಿ ಈ ಪೀಡೆ ಕಡಿಮೆ. 1983ರಲ್ಲಿ ಕ್ರೈಸ್ಲರ್ ಕಾರುಗಳಿಗೆ ಮಾತಾಡುವ ಎಚ್ಚರಿಕೆಯ ಯಂತ್ರ ಬಂದಿತು. ಅದು ಆಡುವುದನ್ನು ಕೊಳ್ಳುವವನು ಅಂಗಡಿಯಲ್ಲಿಯೇ ಬಾಗಿಲು ತೆರೆದು ಪರೀಕ್ಷಿಸಬಹುದು. ಬಾಗಿಲು ಸರಿಯಾಗಿ ಮುಚ್ಚದಿದ್ದರೆ ಅದು ‘ಎ ಡೋರ್ ಈಸ್ ಅಜಾರ್’ ಎಂದು ನುಡಿಯುತ್ತಿತ್ತು. ಅಜಾರ್ ಎಂದರೆ ಅರೆತೆರೆದುದು; ‘ಅ ಜಾರ್’ ಎಂದು ಒಡೆದರೆ ಒಂದು ಭರಣಿ. ಬಾಗಿಲು ಭರಣಿಯಾಯಿತೆಂದು ಅಲ್ಲಿನ ಜನ ನಗುತ್ತಿದ್ದರು. ಸಭಂಗಶ್ಲೇಷಕ್ಕೆ ಇಂಗ್ಲಿಷಿನಲ್ಲಿ ಇಷ್ಟು ಅಚ್ಚುಕಟ್ಟಾದ ಉದಾಹರಣೆ ಸಿಕ್ಕುವುದು ಅಪರೂಪ. ಆದರೆ ಯಂತ್ರಕ್ಕೆ ವಿವಕ್ಷೆಯಿಲ್ಲ. ಆದುದರಿಂದ ಇದನ್ನು ಅಲಂಕಾರವೆಂದು ಕರೆಯಲು ನಮಗೆ ಧೈರ್ಯ ಸಾಲದು. ಕೇಳಿ ನಕ್ಕವರ ಪಕ್ಷ ಬೇರೆಯಿದ್ದೀತು.