ಆಯ್ಕೆ ನಮ್ಮದು, ಬೆಲೆ ಯಾರದು?

ಹತ್ತನೆಯ ಶತಮಾನದ ಅರಬ್ ಇತಿಹಾಸಕಾರ ಅಲ್ ಮಸ್‌ಊದಿ ಒಂದು ಕುತೂಹಲಕರ ವಿಚಾರವನ್ನು ದಾಖಲಿಸಿದ್ದಾರೆ. ಚದುರಂಗವನ್ನು ಕಂಡುಹಿಡಿದವನು ಮನುಷ್ಯನ ಇಚ್ಛಾಸ್ವಾತಂತ್ರ್ಯವನ್ನು ನಂಬಿದವನು, ನರ್ದ್ ಆಟವನ್ನು ಕಂಡುಹಿಡಿದವನು ವಿಧಿವಾದಿ ಎಂದು ಕೆಲವು ಚಿಂತಕರು ಹೇಳುತ್ತಿದ್ದರಂತೆ. ನರ್ದ್ ಎಂದರೆ ನಮ್ಮ ಪಗಡೆಯ ಹಾಗೆ ದಾಳ ಬಿದ್ದಂತೆ ಕಾಯಿ ನಡೆಸುವ ಆಟ. ಚದುರಂಗದಲ್ಲಿ ಸೋತವನಿಗೆ ದೂರಲು ಯಾರೂ ಇಲ್ಲ. ಪ್ರತಿಯೊಂದು ನಡೆಯೂ ಅವನದೇ. ನರ್ದ್‌ನಲ್ಲಿ ಸೋತವನು ದಾಳವನ್ನು ಬೈದು ಎದ್ದು ಹೋಗಬಹುದು. ಮನುಷ್ಯನ ಕರ್ಮ ಮತ್ತು ಹೊಣೆಯ ಬಗ್ಗೆ ನಡೆದ ಅಷ್ಟು ದೊಡ್ಡ ವಾಗ್ವಾದವನ್ನು ಎರಡು ಮಣೆಗಳ ಮೇಲೆ ಇಟ್ಟು ನೋಡಿದ ಆ ಕಾಲದವರು ಆಟವನ್ನು ಮಕ್ಕಳ ಕಾಲಹರಣವೆಂದು ಭಾವಿಸಿರಲಿಲ್ಲ.

ನಾವು ಹಾಗೆ ಭಾವಿಸುತ್ತೇವೆ. ವಿಡಿಯೋ ಗೇಮ್ ಎಂದ ಕೂಡಲೇ ನಮ್ಮಲ್ಲಿ ನಡೆಯುವ ಚರ್ಚೆ ಎರಡೇ: ಕಣ್ಣು ಹಾಳಾಗುತ್ತದೆ, ಓದು ಹಾಳಾಗುತ್ತದೆ. ಎರಡೂ ಆತಂಕಗಳಲ್ಲಿ ಹುರುಳಿದೆ. ಆದರೆ ಸಿನಿಮಾವನ್ನೂ ಕಾದಂಬರಿಯನ್ನೂ ಒಳಹೊಕ್ಕು ನೋಡುವ ನಾವು, ನಮ್ಮ ಮಕ್ಕಳು ಗಂಟೆಗಟ್ಟಲೆ ವಾಸಿಸುವ ಈ ಲೋಕದೊಳಗೆ ಏನಿದೆಯೆಂದು ನೋಡುವುದೇ ಇಲ್ಲ. ಅಲ್ಲಿ ಅವರು ದಿನವೂ ಮಾಡುವ ಕೆಲಸ ಒಂದೇ, ಆಯ್ಕೆ. ಕಾಲ್ಪನಿಕ ರಾಜ್ಯವೊಂದನ್ನು ಆಳುವ ರಣತಂತ್ರದ ಆಟಗಳು, ಯೋಧನ ಅಥವಾ ಮಾಂತ್ರಿಕನ ಪಾತ್ರ ವಹಿಸಿ ಆಡುವ ಆಟಗಳು, ಎಲ್ಲವೂ ಮಾರಾಟವಾಗುವುದು 'ನಿಮ್ಮ ಆಯ್ಕೆಯೇ ಕಥೆಯನ್ನು ನಿರ್ಧರಿಸುತ್ತದೆ' ಎಂಬ ಭರವಸೆಯ ಮೇಲೆ. ಈ ಭರವಸೆ ಎಷ್ಟು ನಿಜ?

ಬಹಳಷ್ಟು ಕಡೆ ಅದು ಪೊಳ್ಳು. ಆಟಗಾರನ ಮುಂದೆ ಮೂರು ಮಾತುಗಳನ್ನಿಡುತ್ತಾರೆ. ಯಾವುದನ್ನು ಆರಿಸಿದರೂ ಬರುವ ಉತ್ತರ ಒಂದೇ. ಇಲ್ಲವೇ ಒಂದು ದಾರಿ ದೇವತೆಯದು, ಇನ್ನೊಂದು ರಾಕ್ಷಸನದು. ದೇವತೆಯ ದಾರಿ ಹಿಡಿದವನಿಗೆ ಕೊನೆಯಲ್ಲಿ ಬಹುಮಾನವೂ ಖಚಿತ. ಲಾಭವನ್ನು ಮೊದಲೇ ತೋರಿಸಿ ಒಳ್ಳೆಯವನಾಗು ಎನ್ನುವುದು ಆಯ್ಕೆಯಲ್ಲ, ವ್ಯಾಪಾರ. ಇದಕ್ಕೂ ಕೆಟ್ಟದ್ದು ಮೊಬೈಲಿನಲ್ಲಿದೆ. ಫಿನ್ಲೆಂಡಿನ ಸೂಪರ್‌ಸೆಲ್ ಸಂಸ್ಥೆ 2012ರಲ್ಲಿ ಹೊರತಂದ 'ಕ್ಲಾಶ್ ಆಫ್ ಕ್ಲಾನ್ಸ್' ನೋಡಲು ರಣತಂತ್ರದ ಆಟ. ಕೋಟೆ ಕಟ್ಟಬೇಕು, ಪಡೆ ಬೆಳೆಸಬೇಕು, ದಾಳಿಗೆ ಹೋಗಬೇಕು. ಆದರೆ ಗೋಡೆ ಎಲ್ಲಿರಬೇಕು, ಪಡೆ ಯಾವ ಕಡೆಯಿಂದ ನುಗ್ಗಬೇಕು ಎಂಬ ಬುದ್ಧಿಯ ಕೆಲಸದ ಆಚೆಗೆ ಅದು ಆಟಗಾರನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದೇ: ಕಟ್ಟಡ ಮುಗಿಯುವವರೆಗೆ ಗಂಟೆಗಟ್ಟಲೆ, ದಿನಗಟ್ಟಲೆ ಕಾಯುತ್ತೀಯೋ, ಹಣ ಕೊಟ್ಟು ಹರಳು ಕೊಂಡು ಈಗಲೇ ಮುಗಿಸುತ್ತೀಯೋ? ಇನ್ನು ಹಣ ಕಟ್ಟಿ ಮುಚ್ಚಿದ ಪೆಟ್ಟಿಗೆ ತೆರೆಸಿ, ಒಳಗೇನಿದೆಯೋ ನೋಡು ಎನ್ನುವ ಆಟಗಳಂತೂ ಚದುರಂಗದ ವೇಷ ತೊಟ್ಟ ನರ್ದ್.

ಹಾಗಾದರೆ ಅರ್ಥವುಳ್ಳ ಆಯ್ಕೆ ಎಂದರೆ ಯಾವುದು? ನಮ್ಮ ಪ್ರಕಾರ ಅದಕ್ಕೆ ಮೂರು ಲಕ್ಷಣಗಳಿವೆ. ಅದಕ್ಕೊಂದು ಬೆಲೆ ಇರಬೇಕು. ಆ ಬೆಲೆಯ ಪೂರ್ಣ ಲೆಕ್ಕ ಮುಂಚಿತವಾಗಿ ಸಿಗಬಾರದು. ಮಾಡಿದ್ದನ್ನು ಆ ಲೋಕ ನೆನಪಿಟ್ಟುಕೊಳ್ಳಬೇಕು.

ಪೋಲೆಂಡಿನಲ್ಲಿ ತಯಾರಾದ 'ದಿ ವಿಚರ್ 3' (2015) ಆಟದಲ್ಲಿ ಮರದ ಬೇರುಗಳ ನಡುವೆ ಸೆರೆಯಾದ ಒಂದು ಶಕ್ತಿ ಬಿಡುಗಡೆ ಬೇಡುತ್ತದೆ. ಬಿಡಿಸಿದರೆ ಅನಾಥ ಮಕ್ಕಳು ಉಳಿಯುತ್ತಾರೆ, ಆದರೆ ಒಂದು ಹಳ್ಳಿ ನಾಶವಾಗುತ್ತದೆ. ಕೊಂದರೆ ಹಳ್ಳಿ ಉಳಿಯುತ್ತದೆ, ಮಕ್ಕಳು ಇಲ್ಲವಾಗುತ್ತಾರೆ. ಎರಡರಲ್ಲೂ ಕೈ ತೊಳೆದುಕೊಳ್ಳಲು ಅವಕಾಶವಿಲ್ಲ. 'ಅಂಡರ್‌ಟೇಲ್' (2015) ಇನ್ನೂ ಮುಂದೆ ಹೋಗುತ್ತದೆ. ಒಬ್ಬರನ್ನು ಕೊಂದು, ಪಶ್ಚಾತ್ತಾಪವಾಗಿ, ಹಿಂದಿನ ಹಂತಕ್ಕೆ ಮರಳಿ ಅವರನ್ನು ಬದುಕಿಸಿಕೊಂಡ ಆಟಗಾರನಿಗೆ ಆ ಲೋಕದ ಒಂದು ಪಾತ್ರ ಎದುರು ನಿಂತು, ನೀನು ಮಾಡಿದ್ದು ನನಗೆ ಗೊತ್ತು ಎನ್ನುತ್ತದೆ. ತಪ್ಪನ್ನು ತಿದ್ದಬಹುದು, ಮಾಡಲೇ ಇಲ್ಲ ಎನ್ನಲಾಗದು.

ಆದರೆ ಈ ಆಟಗಳಲ್ಲಿ ಆರಿಸುವವನು ಒಬ್ಬಂಟಿ. ನಿಜವಾದ ಬದುಕಿನಲ್ಲಿ ಒಬ್ಬನ ನಿರ್ಧಾರಕ್ಕೆ ಬೆಲೆ ತೆರುವವರು ಬಹಳ ಮಂದಿ. ಈ ದೃಷ್ಟಿಯಿಂದ ನಮಗೆ ಎಲ್ಲಕ್ಕಿಂತ ಮುಖ್ಯವೆನಿಸಿದ್ದು ಅಮೆರಿಕದಲ್ಲಿ ತಯಾರಾದ 'ಕಿಂಗ್ ಆಫ್ ಡ್ರ್ಯಾಗನ್ ಪಾಸ್' ಎಂಬ 1999ರ ಆಟ. ರಣತಂತ್ರವೂ ಪಾತ್ರದ ಆಟವೂ ಬೆರೆತ ಇದರಲ್ಲಿ ಆಟಗಾರ ವೀರನಲ್ಲ, ಒಂದು ಕುಲದ ಹಿರಿತನ ಹೊತ್ತವನು. ಕುಲದ ಸಂಪತ್ತು ದನಕರುಗಳು. ಏಳು ಮಂದಿ ಸಲಹೆಗಾರರ ಒಂದು ಕೂಟವಿದೆ. ಒಬ್ಬೊಬ್ಬರದು ಒಂದೊಂದು ಸ್ವಭಾವ, ಒಂದೊಂದು ಪಕ್ಷಪಾತ. ನೆಲೆ ಕೇಳಿ ಬಂದವರಿಗೆ ಜಾಗ ಕೊಡಬೇಕೆ? ನೆರೆಯ ಕುಲ ದನ ಹೊಡೆದುಕೊಂಡು ಹೋದರೆ ತಿರುಗಿ ಬೀಳಬೇಕೆ, ಮಾತುಕತೆ ಆಡಬೇಕೆ? ಉತ್ತರದ ಫಲ ಕೆಲವೊಮ್ಮೆ ಎಷ್ಟೋ ವರ್ಷಗಳ ಮೇಲೆ ಎದುರಾಗುತ್ತದೆ. ಅಷ್ಟರಲ್ಲಿ ಸಲಹೆ ಕೊಟ್ಟ ಹಿರಿಯ ತೀರಿಕೊಂಡಿರುತ್ತಾನೆ, ಸೇಡು ಮಾತ್ರ ಬದುಕಿರುತ್ತದೆ.

ಈ ಲೋಕ ನಮಗೆ ಅಷ್ಟೇನೂ ದೂರದ್ದಲ್ಲ. ಹಿಂದೆ ಹೊನ್ನಾಳಿ ತಾಲೂಕಿನಲ್ಲಿದ್ದು ಈಗ ನ್ಯಾಮತಿ ತಾಲೂಕಿಗೆ ಸೇರಿರುವ ಸೂರಗೊಂಡನಕೊಪ್ಪದಲ್ಲಿ ಪ್ರತಿ ಫೆಬ್ರವರಿಯಲ್ಲಿ ದೊಡ್ಡ ಜಾತ್ರೆ ನೆರೆಯುತ್ತದೆ. 1739ರಲ್ಲಿ ಸಂತ ಸೇವಾಲಾಲರು ಜನಿಸಿದ ಸ್ಥಳವೆಂದು ಬಂಜಾರರು ನಂಬುವ ಊರು ಅದು. ಈ ಲಂಬಾಣಿ ಜನರ ಹಿರಿಯರು ಎತ್ತುಗಳ ಬೆನ್ನ ಮೇಲೆ ಉಪ್ಪು, ಧಾನ್ಯ ಹೇರಿಕೊಂಡು ದಕ್ಕನ್ನಿನ ಉದ್ದಗಲ ನಡೆದವರು. ತಾಂಡಾಕ್ಕೆ ಒಬ್ಬ ನಾಯಕ, ಅವನ ಜೊತೆಗೆ ಡಾವ್, ಕಾರಭಾರಿ. ಯಾವ ದಾರಿಯಲ್ಲಿ ನೀರು ಸಿಗುತ್ತದೆ, ಯಾವ ಘಟ್ಟದಲ್ಲಿ ಕಳ್ಳರಿದ್ದಾರೆ, ಯಾರಿಗೆ ಧಾನ್ಯ ಮಾರಬೇಕು ಎಂಬುದೆಲ್ಲ ಅವರ ನಿತ್ಯದ ಆಯ್ಕೆಗಳು. ಒಂದು ನಿರ್ಧಾರ ತಪ್ಪಿದರೆ ಸಾಯುತ್ತಿದ್ದದ್ದು ಎತ್ತುಗಳು, ಹಸಿಯುತ್ತಿದ್ದದ್ದು ಇಡೀ ತಾಂಡಾ.

1791ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಹತ್ತಿರಕ್ಕೆ ಬಂದ ಕಾರ್ನ್‌ವಾಲಿಸ್, ಆಹಾರವಿಲ್ಲದೆ, ಎತ್ತುಗಳು ಸತ್ತು, ತನ್ನ ದೊಡ್ಡ ಫಿರಂಗಿಗಳನ್ನು ತಾನೇ ನಾಶಮಾಡಿ ಹಿಂದೆ ಸರಿಯಬೇಕಾಯಿತು. 1792ರಲ್ಲಿ ಆತ ಮತ್ತೆ ಬಂದು ಕೋಟೆಗೆ ಮುತ್ತಿಗೆ ಹಾಕಿದಾಗ ಅವನ ಸೈನ್ಯಕ್ಕೆ ಧಾನ್ಯ ಒದಗಿಸಿದವರಲ್ಲಿ ಬಂಜಾರರು ಪ್ರಮುಖರು. ಟಿಪ್ಪುವಿನ ಸೈನ್ಯಕ್ಕೂ ಬಂಜಾರರು ಧಾನ್ಯ ಸಾಗಿಸಿದವರೇ. ಇಂದು ಕುಳಿತು ಇದಕ್ಕೆ ದ್ರೋಹ, ನಿಷ್ಠೆ ಎಂಬ ಹೆಸರು ಕೊಡುವುದು ಸುಲಭ. ಎರಡು ಸೈನ್ಯಗಳ ನಡುವೆ ಹೇರೆತ್ತುಗಳೊಂದಿಗೆ ನಿಂತ ತಾಂಡಾದ ನಾಯಕನ ಮುಂದೆ ದೇವತೆಯ ದಾರಿ, ರಾಕ್ಷಸನ ದಾರಿ ಎಂದು ಬೋರ್ಡು ಹಾಕಿರಲಿಲ್ಲ. ಮುಂದಿನ ಶತಮಾನದಲ್ಲಿ ಇದೇ ಬ್ರಿಟಿಷರ ರಸ್ತೆ, ರೈಲುಗಳು ಅವರ ಕಸುಬನ್ನೇ ನುಂಗಿದವು. 1871ರ ಅಪರಾಧಿ ಬುಡಕಟ್ಟು ಕಾಯ್ದೆಯಡಿ ಅವರಲ್ಲಿ ಹಲವರಿಗೆ ಹುಟ್ಟಾ ಅಪರಾಧಿಗಳೆಂಬ ಹಣೆಪಟ್ಟಿಯೂ ಬಂತು. ಅಂದು ಧಾನ್ಯದ ಚೀಲ ಇಳಿಸಿದವನಿಗೆ ಇದು ಕಾಣುವಂತಿತ್ತೆ?

ಬಂಜಾರರ ಐತಿಹ್ಯವೂ ಈ ಸತ್ಯವನ್ನು ಬಲ್ಲದು. ತನ್ನ ಭಕ್ತನಾಗು ಎಂದು ಮಾರಿಯಮ್ಮ ಕೇಳಿದಾಗ ಸೇವಾಲಾಲರು ಒಪ್ಪಲಿಲ್ಲ, ಆಗ ಅವರ ಜನರ ಮೇಲೆ ಕಷ್ಟಗಳು ಎರಗಿದವು, ಕೊನೆಗೆ ಅವರು ಒಪ್ಪಿದರು ಎನ್ನುತ್ತದೆ ಅದು. ಇಲ್ಲ ಎಂದವರು ಒಬ್ಬರು, ನೋವುಂಡವರು ಹಲವರು. ತನ್ನವರ ಕಷ್ಟ ಕಂಡು ಮನಸ್ಸು ಬದಲಿಸುವುದು ಸೋಲೋ ಗೆಲುವೋ ಎಂಬ ಪ್ರಶ್ನೆಯನ್ನು ಕೇಳುವ ಧೈರ್ಯ ಕೋಟಿಗಟ್ಟಲೆ ಖರ್ಚಿನ ಆಟಗಳಿಗೂ ಅಪರೂಪಕ್ಕೆ ಬರುತ್ತದೆ.

ಭಾರತದಲ್ಲಿ ಇಂಥ ಪ್ರಯತ್ನಗಳು ಇಲ್ಲವೆಂದಲ್ಲ. ಪೈರೋಡ್ಯಾಕ್ಟೈಲ್ ಸಂಸ್ಥೆಯ 'ಅನ್‌ರೆಸ್ಟ್' (2014) ಬರ ಬಡಿದ ಕಾಲ್ಪನಿಕ ಭಾರತೀಯ ನಗರವೊಂದರ ಕಥೆ. ಅಲ್ಲಿ ರಾಜಕುಮಾರಿಯ ಜೊತೆಗೆ, ಇಷ್ಟವಿಲ್ಲದ ಮದುವೆಗೆ ನಿಂತ ರೈತನ ಮಗಳೂ ಆಟಗಾರನ ಪಾತ್ರವೇ. ಕತ್ತಿಗಿಂತ ಮಾತು ಹೆಚ್ಚು ಕೆಲಸ ಮಾಡುತ್ತದೆ. ನಮ್ಮ ನೆಲದ ಆಟಕ್ಕೆ ಡ್ರ್ಯಾಗನ್ ಬೇಕಿಲ್ಲ ಎಂಬುದಕ್ಕೆ ಇದು ಸಾಕ್ಷಿ.

ಇಂದು ತಾಂಡಾದ ಹುಡುಗನ ಕೈಯಲ್ಲೂ, ನಮ್ಮ ಮೊಹಲ್ಲಾದ ಹುಡುಗನ ಕೈಯಲ್ಲೂ ಅದೇ ಮೊಬೈಲ್ ಇದೆ. ಇಬ್ಬರಿಗೂ ಬದುಕು ಕೊಡುವ ಆಯ್ಕೆಗಳು ಕಡಿಮೆ: ಊರಲ್ಲಿ ಕೂಲಿಯೋ, ಗುಳೆ ಹೋಗುವುದೋ; ಗ್ಯಾರೇಜೋ, ಗಲ್ಫೋ. ಅಂಥವರಿಗೆ ತೆರೆಯ ಮೇಲೆ ರಾಜ್ಯವಾಳುವ ಆಸೆಯಾದರೆ ಬೈಯುವುದರಲ್ಲಿ ಅರ್ಥವಿಲ್ಲ. ನಾವು ಕೇಳಬೇಕಾದ್ದು, ಆ ಆಟ ಅವರಿಗೆ ಏನು ಕಲಿಸುತ್ತಿದೆ ಎಂದು. ಕಾಯಲಾಗದಿದ್ದರೆ ದುಡ್ಡು ಕೊಡು ಎಂದೇ, ಅಥವಾ ನಿನ್ನ ನಿರ್ಧಾರದ ಹಿಂದೆ ಎಷ್ಟು ಜನ ನಡೆಯುತ್ತಿದ್ದಾರೆ ತಿರುಗಿ ನೋಡು ಎಂದೇ? ಮಕ್ಕಳ ಕೈಯಿಂದ ಮೊಬೈಲ್ ಕಸಿದುಕೊಳ್ಳುವ ಮುನ್ನ ಒಮ್ಮೆ ಅವರ ಪಕ್ಕ ಕುಳಿತು ಈ ಪ್ರಶ್ನೆ ಕೇಳೋಣ. ಉತ್ತರ ಅವರಿಂದಲೇ ಬರಲಿ.