ಬೆಂಗಳೂರಿನ ಸೀಸನಲ್, ಪುತ್ತೂರಿನ ಸೀಸನ್

ಏಪ್ರಿಲ್ ತಿಂಗಳಲ್ಲಿ ಪುತ್ತೂರು ಜಾತ್ರೆಗೆಂದು ಊರಿಗೆ ಹೊರಟಿದ್ದೆ. ಆಫೀಸಿನ ಗೆಳೆಯನೊಬ್ಬ ತಾನೂ ಬರುತ್ತೇನೆ ಅಂದ. ಇವನಿಗೊಂದು ಹುಚ್ಚು. ಯಾವ ಊರಿಗೆ ಹೋದರೂ ಅಲ್ಲಿನ ಬ್ರೂವರಿ ಹುಡುಕಿ, ಆ ಸೀಸನ್ನಿನ ಬಿಯರ್ ಕುಡಿದು, ಫೋನಿನಲ್ಲಿ ನಾಲ್ಕು ಸಾಲು ಟಿಪ್ಪಣಿ ಬರೆದುಕೊಳ್ಳುತ್ತಾನೆ. ಗೋವಾ, ಪುಣೆ, ಶಿಲ್ಲಾಂಗ್ ಎಲ್ಲ ಮುಗಿಸಿದ್ದ.

“ನಿಮ್ಮ ಪುತ್ತೂರಲ್ಲಿ ಒಳ್ಳೆ ಬ್ರೂವರಿ ಯಾವುದಪ್ಪಾ?” ಅಂತ ಕೇಳಿದ.

ಮಹಾಲಿಂಗೇಶ್ವರ ದೇವಸ್ಥಾನ ಉಂಟು, ಕ್ಯಾಂಪ್ಕೊದ ಚಾಕಲೇಟ್ ಫ್ಯಾಕ್ಟರಿ ಉಂಟು, ಕಾರಂತರ ಬಾಲವನ ಉಂಟು. ಬ್ರೂವರಿ ಬೇಕಾದರೆ ಮಂಗಳೂರಿಗೆ ಹೋಗಬೇಕು ಮಾರಾಯ, ಅಂದೆ.

“ಹಂಗಾದ್ರೆ ಬಂದು ಏನ್ ಕುಡೀಲಿ?”

ಆಗ ನಕ್ಕು ಸುಮ್ಮನಾದೆ. ಆದರೆ ಪುತ್ತೂರು, ಸುಳ್ಯ, ಕಡಬ ಅಂತ ಮೂರು ದಿನ ಅವನನ್ನು ಸುತ್ತಾಡಿಸಿ ಬಂದ ಮೇಲೆ ಅನ್ನಿಸಿತು, ಆ ಪ್ರಶ್ನೆಗೆ ಸರಿಯಾದ ಉತ್ತರ ಬರೆಯಬೇಕು ಅಂತ. ಬ್ರೂವರಿ ಪ್ರವಾಸಗಳ ಬಗ್ಗೆ, ಅವುಗಳನ್ನು ಹೊಗಳಿ ಬರೆಯುವ ನಮ್ಮ ಬಗ್ಗೆ ನನಗೊಂದು ತಕರಾರಿದೆ. ಕ್ರಾಫ್ಟ್ ಬಿಯರಿನ ಮೇಲೆ ತಕರಾರಿಲ್ಲ. ಅದನ್ನು ನಾನೂ ಕುಡಿಯುತ್ತೇನೆ.

ಮೊದಲು ಅದರ ಪಾಲಿನ ಮೆಚ್ಚುಗೆ ಸಲ್ಲಿಸಿಬಿಡೋಣ. 2010ರ ನಂತರ ಇಂದಿರಾನಗರದ ಟಾಯ್ಟ್, ವಿಠ್ಠಲ ಮಲ್ಯ ರಸ್ತೆಯ ಬಿಯರ್ ಕ್ಲಬ್ ಥರದ ಜಾಗಗಳು ಶುರುವಾದಾಗ ಬೆಂಗಳೂರಿನವರಿಗೆ ನಾಲಿಗೆ ಅನ್ನುವುದೊಂದಿದೆ ಎಂದು ನೆನಪಾಯಿತು. ಅಲ್ಲಿಯತನಕ ಬಿಯರ್ ಅಂದರೆ ಎರಡೇ ಜಾತಿ: ತಣ್ಣಗಿರುವುದು, ತಣ್ಣಗಿಲ್ಲದ್ದು. ಗೋಧಿಯದಕ್ಕೂ ಬಾರ್ಲಿಯದಕ್ಕೂ ವ್ಯತ್ಯಾಸವೇನು, ಹಾಪ್ಸ್ ಯಾಕೆ ಕಹಿ, ಯೀಸ್ಟ್ ಬದಲಾದರೆ ಬಾಳೆಹಣ್ಣಿನ ಪರಿಮಳ ಯಾಕೆ ಬರುತ್ತದೆ ಎನ್ನುವುದನ್ನೆಲ್ಲ ಒಂದು ತಲೆಮಾರು ಕಲಿತದ್ದು ಈ ಜಾಗಗಳಲ್ಲಿ. ಸಣ್ಣ ಸಾಧನೆಯೇನಲ್ಲ ಅದು.

ತಕರಾರು ಇರುವುದು ಮೆನುವಿನ ನಾಲ್ಕು ಪದಗಳ ಮೇಲೆ: ಲೋಕಲ್, ಸೀಸನಲ್, ಸ್ಮಾಲ್ ಬ್ಯಾಚ್, ನ್ಯಾಚುರಲ್. ಬೇಸಿಗೆಯಲ್ಲಿ ಮಾವಿನ ಬಿಯರ್ ಬರುತ್ತದೆ, ಪಕ್ಕದಲ್ಲಿ ‘ಸೀಸನಲ್’ ಅಂತ ಬರೆದಿರುತ್ತದೆ. ಹಾಪ್ಸ್ ಹೆಚ್ಚಾಗಿ ಜರ್ಮನಿ, ಅಮೆರಿಕದ್ದು. ಯೀಸ್ಟ್ ಪೊಟ್ಟಣದಲ್ಲಿ ಬಂದದ್ದು. ಹಣ್ಣಿನ ತಿರುಳು ಡಬ್ಬಿಯದಾದರೆ ಡಿಸೆಂಬರಿನಲ್ಲೂ ಮಾಡಬಹುದು. ಅಂದರೆ ಇಲ್ಲಿ ಸೀಸನ್ ಅನ್ನುವುದು ಒಂದು ಆಯ್ಕೆ ಅಷ್ಟೆ.

ಯುರೋಪಿನಲ್ಲಿ ಈ ಪದ ಹುಟ್ಟಿದಾಗ ಅದು ಆಯ್ಕೆಯಾಗಿರಲಿಲ್ಲ. ಬವೇರಿಯಾದಲ್ಲಿ 1553ರ ಒಂದು ಆಜ್ಞೆಯ ಪ್ರಕಾರ ಏಪ್ರಿಲ್ 23ರಿಂದ ಸೆಪ್ಟೆಂಬರ್ 29ರವರೆಗೆ ಬಿಯರ್ ಮಾಡುವ ಹಾಗಿರಲಿಲ್ಲ. ಸೆಖೆಗೆ ಬಿಯರ್ ಕೆಡುತ್ತಿತ್ತು. ಹಾಗಾಗಿ ಮಾರ್ಚಿನಲ್ಲೇ ಸ್ವಲ್ಪ ಗಟ್ಟಿಯಾಗಿ ಮಾಡಿ, ತಂಪು ನೆಲಮಾಳಿಗೆಯಲ್ಲಿಟ್ಟು, ಬೇಸಿಗೆ ಕಳೆಯುತ್ತಿದ್ದರು. ಮಾರ್ಚ್ ತಿಂಗಳ ಹೆಸರನ್ನೇ ಹೊತ್ತ ಮೇರ್ತ್ಸೆನ್ ಬಿಯರ್ ಬಂದದ್ದು ಹಾಗೆ. ಬ್ರಸೆಲ್ಸ್ ಪಕ್ಕದ ಸೆನ್ ನದಿಯ ಕಣಿವೆಯಲ್ಲಿ ಲ್ಯಾಂಬಿಕ್ ಮಾಡುವವರು ಇವತ್ತಿಗೂ ಚಳಿಯ ತಿಂಗಳಲ್ಲೇ ಮಾಡುತ್ತಾರೆ. ಬೇಯಿಸಿದ ರಸವನ್ನು ರಾತ್ರಿಯಿಡೀ ತೆರೆದಿಡುತ್ತಾರೆ, ಆ ಊರಿನ ಗಾಳಿಯಲ್ಲಿರುವ ಯೀಸ್ಟ್ ಬಂದು ಕೂತು ಹುಳಿಯಾಗಿಸುತ್ತದೆ. ಬೇರೆ ಊರಿನಲ್ಲಿ ಹಾಗೇ ಮಾಡಿದರೆ ಬೇರೆಯದೇ ಪಾನೀಯವಾಗುತ್ತದೆ.

ಈ ಕಥೆಯನ್ನು ನನ್ನ ಗೆಳೆಯ ಕಣ್ಣರಳಿಸಿ ಹೇಳುತ್ತಾನೆ. ಬೆಲ್ಜಿಯಮ್ಮಿಗೆ ಹೋಗಲು ದುಡ್ಡು ಕೂಡಿಡುತ್ತಿದ್ದಾನೆ. ಅದೇ ಕಥೆ ಮಾಣಿ–ಮೈಸೂರು ಹೆದ್ದಾರಿಯ ಬದಿಯಲ್ಲಿ ದಿನಕ್ಕೆ ಎರಡು ಸಲ ನಡೆಯುತ್ತದೆ ಅಂದರೆ ಅವನು ನಂಬಲಿಲ್ಲ.

ತೆಂಗಿನ ಹೊಂಬಾಳೆ ಅರಳುವ ಮುಂಚೆಯೇ ಅದನ್ನು ಬಿಗಿದು ಕಟ್ಟುತ್ತಾರೆ. ಕೆಲವು ದಿನ ಹದವಾಗಿ ತಟ್ಟಿ ತಟ್ಟಿ ಮೆತ್ತಗೆ ಮಾಡುತ್ತಾರೆ. ಆಮೇಲೆ ತುದಿಯನ್ನು ತೆಳ್ಳಗೆ ಕೆತ್ತಿ, ಅಡಿಗೆ ಮಡಕೆ ಕಟ್ಟಿದರೆ ತೊಟ್ಟು ತೊಟ್ಟಾಗಿ ರಸ ಇಳಿಯುತ್ತದೆ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಹತ್ತಿ ಮತ್ತೆ ಕೆತ್ತಬೇಕು. ಒಂದು ದಿನ ರಜೆ ಹಾಕಿದರೆ ಗಾಯ ಒಣಗಿ ರಸ ನಿಲ್ಲುತ್ತದೆ. ನಮ್ಮ ಕಡೆ ಈ ಕೆಲಸಕ್ಕೆ ಮೂರ್ತೆ ಅಂತ ಹೆಸರು, ಮಾಡುವವರು ಮೂರ್ತೆದಾರರು. ಇಳಿದದ್ದು ಕನ್ನಡದಲ್ಲಿ ಕಳ್ಳು, ತುಳುವಿನಲ್ಲಿ ಕಲಿ. ಸುಳ್ಯದ ಗುಡ್ಡದ ಕಡೆ ಹೋದರೆ ಕಾಡಿನ ಬೈನೆ ಮರದ ಕಳ್ಳೂ ಉಂಟು, ಅದರ ರುಚಿಯೇ ಬೇರೆ.

ಮಡಕೆಗೆ ಯಾರೂ ಯೀಸ್ಟ್ ಹಾಕುವುದಿಲ್ಲ. ಗಾಳಿಯಲ್ಲಿದ್ದದ್ದು, ಮಡಕೆಯಲ್ಲಿ ಉಳಿದದ್ದು ತಾನಾಗಿಯೇ ಕೆಲಸ ಶುರು ಮಾಡುತ್ತದೆ. ಮರದಿಂದ ಇಳಿಯುವ ಹೊತ್ತಿಗೇ ಸಣ್ಣಗೆ ನೊರೆ. ಬೆಳಗ್ಗಿನದು ಸಿಹಿ, ಮಧ್ಯಾಹ್ನಕ್ಕೆ ಖಡಕ್ಕು, ಸಂಜೆಗೆ ಹುಳಿ. ಅಮಲು ಏರಿದಾಗ ಸುಮಾರಾಗಿ ಒಂದು ಬಿಯರಿನಷ್ಟೇ. ಹಾಗೇ ಬಿಟ್ಟರೆ ಕೆಲವು ದಿನದಲ್ಲಿ ವಿನೆಗರ್. ಹುಳಿ ಬರಿಸದೆ ಇಡಬೇಕಾದರೆ ಮಡಕೆಯ ಒಳಗೆ ಸುಣ್ಣ ಸವರಬೇಕು, ಅದು ಬೆಲ್ಲಕ್ಕೆ. ಕಾಸರಗೋಡಿನ ಸಿಪಿಸಿಆರ್‌ಐ ವಿಜ್ಞಾನಿಗಳು ಮಂಜುಗಡ್ಡೆಯ ಪೆಟ್ಟಿಗೆಯನ್ನೇ ಮರದ ಮೇಲೆ ಕಟ್ಟಿ, ಹುಳಿಯದ ರಸ ಇಳಿಸಿ, ಕಲ್ಪರಸ ಎಂದು ಹೆಸರಿಟ್ಟಿದ್ದಾರೆ. ಆದರೆ ಕಳ್ಳನ್ನು ಕಳ್ಳಾಗಿಯೇ ಕುಡಿಯಬೇಕಾದರೆ ಮರದ ಹತ್ತಿರಕ್ಕೆ ನೀವೇ ಹೋಗಬೇಕು, ಹೊತ್ತು ನೋಡಿಕೊಂಡು ಹೋಗಬೇಕು. ನೋಡಿ, ಮೆನುವಿನ ನಾಲ್ಕೂ ಪದಗಳು ಇಲ್ಲಿ ಬೋರ್ಡಿಲ್ಲದೆ ಇವೆ.

ಇನ್ನೊಂದು ಸೀಸನ್ ನೆಲದ ಮೇಲೆ ಬಿದ್ದಿರುತ್ತದೆ. ಫೆಬ್ರುವರಿಯಿಂದ ಮೇ ತನಕ ನಮ್ಮ ಗುಡ್ಡಗಳಲ್ಲಿ ಗೇರು ಹಣ್ಣಿನ ವಾಸನೆ. ಬೀಜದ ತೂಕದ ಎಷ್ಟೋ ಪಟ್ಟು ಹಣ್ಣೇ ಇರುತ್ತದೆ. ಬೀಜ ತಿರುಚಿ ತೆಗೆದು ಹಣ್ಣನ್ನು ಅಲ್ಲೇ ಎಸೆಯುತ್ತೇವೆ. ಒಂದು ದಿನ ಕಳೆದರೆ ಅದು ಕೊಳೆಯುತ್ತದೆ. 1986ರಲ್ಲಿ ಶುರುವಾದ ದೇಶದ ಗೇರು ಸಂಶೋಧನಾ ಕೇಂದ್ರ ಇರುವುದೇ ಪುತ್ತೂರಿನ ಮೊಟ್ಟೆತ್ತಡ್ಕದಲ್ಲಿ. ಇದೇ ಹಣ್ಣಿನ ಫೆನಿಗೆ ಗೋವಾದವರು 2009ರಲ್ಲಿ ಜಿಐ ಟ್ಯಾಗ್ ಪಡೆದು, ಚಂದದ ಬಾಟಲಿಗೆ ತುಂಬಿ, ಪ್ರವಾಸಿಗರಿಗೆ ಮಾರುತ್ತಿದ್ದಾರೆ. ನಮ್ಮಲ್ಲಿ ಅದೇ ಹಣ್ಣಿನ ರಸವನ್ನು ಯಾರಾದರೂ ಹಿತ್ತಿಲಲ್ಲಿ ಭಟ್ಟಿ ಇಳಿಸಿದರೆ ಅಬಕಾರಿ ಕೇಸು, ಪೇಪರಿನ ಮೂಲೆಯಲ್ಲಿ ‘ಕಳ್ಳಭಟ್ಟಿ ವಶ’ ಎಂಬ ಸುದ್ದಿ. ಒಂದೇ ಹಣ್ಣು. ಗಡಿ ದಾಟಿದರೆ ಪರಂಪರೆ, ಇಲ್ಲಿ ಅಪರಾಧ.

ಹಾಗಂತ ಕಾನೂನು ತಲೆಕೆಟ್ಟು ಬಂದದ್ದಲ್ಲ. 2007ರ ಜುಲೈ 1ರಂದು ರಾಜ್ಯದಲ್ಲಿ ಸಾರಾಯಿ ನಿಂತಾಗ ಎಷ್ಟೋ ಹೆಂಗಸರು ನಿಟ್ಟುಸಿರು ಬಿಟ್ಟರು. ರಾಯಚೂರಿನ ಕಡೆ ಸಿಎಚ್ ಪೌಡರ್ ಬೆರೆಸಿದ ಕಳ್ಳು ಜನರ ನರವನ್ನೇ ತಿಂದಿದೆ. ಕಾರಂತರ ‘ಚೋಮನ ದುಡಿ’ ಓದಿದವರಿಗೆ ಗೊತ್ತು, ಚೋಮನ ಬದುಕಿನಲ್ಲಿ ಹೆಂಡ ಸಂಭ್ರಮವಾಗಿರಲಿಲ್ಲ. ಜೀತ, ಸಾಲ, ಸಿಗದ ಭೂಮಿ, ಇವುಗಳ ಜೊತೆಗೇ ಅದೂ ಇತ್ತು. ಆದ್ದರಿಂದ ಕಳ್ಳು ನಮ್ಮ ಸಂಸ್ಕೃತಿ ಎಂದು ಎರಡು ಫೋಟೊ ಹಾಕಿ ಕೈ ತೊಳೆದುಕೊಳ್ಳುವವರ ಮೇಲೂ ನನಗೆ ನಂಬಿಕೆಯಿಲ್ಲ. ಆದರೆ ಒಂದು ಲೆಕ್ಕ ನೋಡಿ. ಪೌಡರ್ ಬೇಕಾಗುವುದು ಮರ ಕೊಡುವುದಕ್ಕಿಂತ ಹೆಚ್ಚು ಮಾರಬೇಕಾದಾಗ. ಇಷ್ಟು ಮರ, ಇಷ್ಟು ಮಡಕೆ, ಮುಗಿದರೆ ಮುಗಿಯಿತು ಅನ್ನುವಲ್ಲಿ ಆ ಆಸೆಗೆ ಜಾಗ ಕಡಿಮೆ.

ಈಗ ಹೇಳಲು ಕಷ್ಟವಾಗುವ ಮಾತಿಗೆ ಬರುತ್ತೇನೆ.

ನಮ್ಮ ತೋಟದ ತೆಂಗಿನ ಮರಗಳಿಗೆ ಮೂರ್ತೆಗೆ ಬರುತ್ತಿದ್ದವರ ಮಗ ನನ್ನ ಕ್ಲಾಸ್‌ಮೇಟ್. ಬೆಳಿಗ್ಗೆ ಅಪ್ಪನಿಗೆ ಮಡಕೆ ಹಿಡಿದು ಸಹಾಯ ಮಾಡಿ ಶಾಲೆಗೆ ಬರುತ್ತಿದ್ದ. ಅವನು ಬೆಂಚಿಗೆ ಬಂದು ಕೂತರೆ ನಾವು ಮೂಗು ಹಿಡಿದು ‘ಕಲಿ ವಾಸನೆ’ ಎಂದು ನಗುತ್ತಿದ್ದೆವು. ನಾನೂ ನಕ್ಕಿದ್ದೇನೆ. ತಂದೆಯ ಉದ್ಯೋಗ ಎಂಬಲ್ಲಿ ಅವನು ‘ಕೃಷಿ’ ಎಂದು ಬರೆಯುತ್ತಿದ್ದ. ಬಿಲ್ಲವರು ತಲೆತಲಾಂತರದಿಂದ ಮಾಡಿದ ಕೆಲಸ ಅದು. ಪಡುಮಲೆಯಿಂದ ಎಣ್ಮೂರಿನ ತನಕ ಈ ನೆಲವೆಲ್ಲ ಅವರ ವೀರರಾದ ಕೋಟಿ–ಚೆನ್ನಯರ ಕಥೆಯ ನೆಲ. ಗರಡಿಯಲ್ಲಿ ಕೈ ಮುಗಿಯುತ್ತೇವೆ, ಕೊರಗಜ್ಜನಿಗೆ ಹರಕೆಯ ಕಳ್ಳು ಇಡುತ್ತೇವೆ. ಅದನ್ನು ಇಳಿಸಿದವನ ಮಗನ ಪಕ್ಕ ಕೂರಲು ಮಾತ್ರ ಮೂಗು ಹಿಡಿಯುತ್ತೇವೆ.

ಅದೇ ನಾನು ಇವತ್ತು ಇಂದಿರಾನಗರದಲ್ಲಿ ಕೂತು, ಗ್ಲಾಸು ಮೂಗಿನ ಹತ್ತಿರ ತಂದು, ‘ಸ್ವಲ್ಪ ಫಂಕಿ ನೋಟ್ ಇದೆ ಅಲ್ವಾ’ ಅಂತೇನೆ. ಹುಳಿಯುವ ವಾಸನೆ ಎರಡೂ ಕಡೆ ಒಂದೇ. ಬೆಲೆ ಕಟ್ಟಿದ್ದು ಮಾತ್ರ ಬೇರೆ ಬೇರೆ.

ಆ ಕ್ಲಾಸ್‌ಮೇಟ್ ಈಗ ಮಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಅವನ ಅಪ್ಪ ಈಗ ಕಡಬದ ಕಡೆ ಮಗಳ ಮನೆಯಲ್ಲಿದ್ದು, ಎಪ್ಪತ್ತರ ಹತ್ತಿರದಲ್ಲೂ ನಾಲ್ಕೈದು ಮರ ಹತ್ತುತ್ತಾರೆ. ಗೆಳೆಯನನ್ನು ಅಲ್ಲಿಗೆ ಕರೆದುಕೊಂಡು ಹೋದೆ. ಮರಕ್ಕೆ ಮೆಟ್ಟಿಲಿನ ಹಾಗೆ ತೆಂಗಿನ ಸಿಪ್ಪೆ ಕಟ್ಟಿತ್ತು. ಸೊಂಟದಲ್ಲಿ ಕತ್ತಿ, ತಲೆಗೆ ಹಾಳೆಯ ಮುಟ್ಟಾಳೆ. ಇಳಿದು ಬಂದು, ಮಡಕೆಗೆ ಬಿದ್ದಿದ್ದ ಜೇನುನೊಣಗಳನ್ನು ಸೋಸಿ ತೆಗೆದು, ಸ್ಟೀಲ್ ಲೋಟಕ್ಕೆ ಬಗ್ಗಿಸಿದರು. ಗೆಳೆಯ ಅಭ್ಯಾಸಬಲದಿಂದ ಮೂಸಿದ, ಕುಡಿದ, ಸುಮ್ಮನಾದ. ಫೋನ್ ತೆಗೆಯಲಿಲ್ಲ.

“ನಿಮ್ಮ ಬೆಂಗಳೂರಲ್ಲಿ ಇಂಥದ್ದಕ್ಕೆ ಎಷ್ಟು?” ಅಂತ ಅವರು ಕೇಳಿದರು.

“ಒಂದು ಗ್ಲಾಸಿಗೆ ನಾನೂರರ ಮೇಲೆ ಅಜ್ಜಾ.”

“ಅಷ್ಟಾ? ಅಲ್ಲಿ ಮರ ಎಷ್ಟು ಎತ್ತರ ಉಂಟು?”

ನಾವಿಬ್ಬರೂ ನಕ್ಕೆವು. ಅವರು ನಗಲಿಲ್ಲ, ನಿಜವಾಗಿ ಕೇಳಿದ್ದರು. ಬಿದ್ದರೆ ಏನು ಗತಿ ಅಂದೆ. “ಎಂತ ಮಾಡುವುದು ಧಣೀ, ಬೀಳದೆ ಇದ್ದರಾಯ್ತು” ಅಂದರು. ಧಣಿ ಅನ್ನಬೇಡಿ ಅಂದೆ. ಹಾಗೇ ಅಂದರು, ಅಭ್ಯಾಸ.

ಅವರ ನಂತರ ಆ ಮರ ಹತ್ತುವವರಿಲ್ಲ. ಮಗ ಹತ್ತಬೇಕು ಅಂತ ನಾನು ಹೇಳಲಾರೆ, ಹೇಳುವ ಹಕ್ಕೂ ನನಗಿಲ್ಲ. ನಮ್ಮ ಪೇಟೆಗಳಲ್ಲಿ ‘ಮೂರ್ತೆದಾರರ ಸೇವಾ ಸಹಕಾರಿ ಸಂಘ’ ಎಂಬ ಬೋರ್ಡುಗಳಿವೆ. ಒಳಗೆ ಹೋದರೆ ಚಿನ್ನದ ಸಾಲ, ಠೇವಣಿ, ಕಂಪ್ಯೂಟರು. ಅದೂ ತಪ್ಪಲ್ಲ, ಒಂದು ಸಮುದಾಯ ಮರದಿಂದ ಇಳಿದು ತನ್ನದೇ ಕೌಂಟರಿನ ಹಿಂದೆ ಕೂತ ಕಥೆಯದು. ಆದರೆ ಕೆಲಸ ಬಿಟ್ಟದ್ದು ಅಪಾಯಕ್ಕೆ ಹೆದರಿ ಮಾತ್ರವಲ್ಲ, ಅವಮಾನಕ್ಕೆ ಹೆದರಿಯೂ ಹೌದು. ಆ ಅವಮಾನ ಮಾಡಿದ್ದು ನಾವು.

ಸುಳ್ಯದಿಂದ ಜಾಲ್ಸೂರು ದಾಟಿ ಕೇರಳದ ಗಡಿಯೊಳಗೆ ಹೋದರೆ ಕಳ್ಳಿನ ಅಂಗಡಿಗಳ ಬೋರ್ಡು ಎದುರಿಗೇ ಕಾಣುತ್ತದೆ. ಕಳ್ಳಿನ ಜೊತೆ ಕಪ್ಪ, ಮೀನು ಉಂಟು, ಊಟಕ್ಕೆಂದೇ ಸಂಸಾರ ಸಮೇತ ಹೋಗುವವರೂ ಇದ್ದಾರೆ. ನಮ್ಮ ಗಡಂಗುಗಳು ಮಾತ್ರ ಇನ್ನೂ ತಲೆ ತಗ್ಗಿಸಿ ಒಳಗೆ ಹೋಗುವ ಜಾಗ.

ಆದ್ದರಿಂದ ಬ್ರೂವರಿ ಪ್ರವಾಸದ ಬಗ್ಗೆ ಬರೆಯುವ ನಮ್ಮಂಥವರಿಗೆ ನನ್ನದೊಂದು ಅಳತೆಗೋಲು. ಪಾನೀಯ ಲೋಕಲ್ ಹೌದೋ ಅಲ್ಲವೋ ಎಂದು ತಿಳಿಯಲು ಹಣ್ಣಿನ ಹೆಸರು ಕೇಳಬೇಡಿ. ಅದನ್ನು ಇಳಿಸಿದವರು ಯಾರು, ಅವರಿಗೆ ಸಿಕ್ಕಿದ್ದೆಷ್ಟು, ಬಿದ್ದರೆ ನೋಡಿಕೊಳ್ಳುವವರು ಯಾರು ಎಂದು ಕೇಳಿ. ಉತ್ತರ ಇಲ್ಲದಿದ್ದರೆ ‘ಲೋಕಲ್’ ಬರೀ ಅಲಂಕಾರ. ನಾಳೆ ಯಾವುದೋ ಪಬ್ಬು ‘ಪುತ್ತೂರು ಕ್ಯಾಶ್ಯೂ ಸವರ್’ ಎಂದು ಮೆನುವಿನಲ್ಲಿ ಹಾಕಿದರೂ ಕೇಳಬೇಕಾದ್ದು ಇದನ್ನೇ. ನಮ್ಮ ಗುಡ್ಡದ ಗೇರು ಹಣ್ಣಿಗೆ ಕಾನೂನಿನೊಳಗೇ ಒಂದು ದಾರಿ ಬೇಕು. ಮರ ಹತ್ತುವ ಉಳಿದ ಕೆಲವರಿಗಾದರೂ ಗಟ್ಟಿಯಾದ ವಿಮೆ ಬೇಕು, ಮರ್ಯಾದೆಯ ಬೆಲೆ ಬೇಕು. ಇವು ರುಚಿಗೆ ಸಂಬಂಧಿಸಿದ ಮಾತಲ್ಲ ಅನ್ನುತ್ತೀರಾದರೆ, ಬೆಲ್ಜಿಯಮ್ಮಿನ ನದಿ ಕಣಿವೆಯ ಕಥೆಯನ್ನೂ ಇನ್ನು ಮುಂದೆ ಹೇಳಬೇಡಿ.

ವಾಪಸ್ ಬರುವಾಗ ಸಂಪಾಜೆ ಘಾಟಿಯಲ್ಲಿ ಗೆಳೆಯ ಕೇಳಿದ, “ಬಾಟಲಿಯಲ್ಲಿ ಸ್ವಲ್ಪ ತರಬಹುದಿತ್ತಲ್ವಾ?”

ಮಡಿಕೇರಿ ದಾಟುವುದರೊಳಗೆ ಹುಳಿಯುತ್ತಿತ್ತು, ಅಂದೆ.

“ಹಂಗಾದ್ರೆ ಮುಂದಿನ ವರ್ಷ ಮತ್ತೆ ಬರ್ಬೇಕು.”

ಮುಂದಿನ ವರ್ಷ ಅವರು ಹತ್ತಿದರೆ, ಅಂದೆ. ಆಮೇಲೆ ನನ್ನ ಆ ಹಳೆಯ ಕ್ಲಾಸ್‌ಮೇಟಿಗೆ ಫೋನ್ ಮಾಡಿದೆ. ಎಷ್ಟೋ ವರ್ಷಗಳ ಮೇಲೆ. ನಿಮ್ಮ ಅಪ್ಪ ಇಳಿಸಿದ ಕಲಿ ಕುಡಿದೆ ಮಾರಾಯ, ಒಳ್ಳೆಯದುಂಟು ಅಂದೆ. ಅವನು ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ ಕೇಳಿದ, “ವಾಸನೆ ಬರಲಿಲ್ವಾ?”