ಕಾಣದ ಕೃತ್ಯಕ್ಕೆ ಸಾಕ್ಷಿ: ತೊಂಬತ್ತಮೂವರ ಮನವಿಯ ವಿಮರ್ಶೆ

1914ರ ಅಕ್ಟೋಬರ್ 4ರಂದು, ಮೊದಲನೆಯ ಮಹಾಯುದ್ಧವು ಆರಂಭವಾಗಿ ಎರಡು ತಿಂಗಳು ತುಂಬಿದ್ದಾಗ, ಜರ್ಮನಿಯ 93 ಮಂದಿ ವಿದ್ವಾಂಸರೂ ಕಲಾವಿದರೂ ಸುಸಂಸ್ಕೃತ ಜಗತ್ತನ್ನು ಉದ್ದೇಶಿಸಿ ಒಂದು ಮನವಿಯನ್ನು ಪ್ರಕಟಿಸಿದರು. ಅದು ಹತ್ತು ಭಾಷೆಗಳಿಗೆ ಅನುವಾದಗೊಂಡಿತು. ಕ್ಷಕಿರಣವನ್ನು ಕಂಡುಹಿಡಿದ ರೊಂಟ್‌ಗನ್, ಭೌತವಿಜ್ಞಾನಿ ಮ್ಯಾಕ್ಸ್ ಪ್ಲಾಂಕ್, ರಸಾಯನವಿಜ್ಞಾನಿ ಫ್ರಿಟ್ಸ್ ಹಾಬರ್, ನಾಟಕಕಾರ ಗೆರ್ಹಾರ್ಟ್ ಹೌಪ್ಟ್‌ಮನ್, ಕ್ರೈಸ್ತಧರ್ಮದ ಇತಿಹಾಸಕಾರ ಆಡಾಲ್ಫ್ ಫಾನ್ ಹಾರ್ನಾಕ್ ಮೊದಲಾದವರ ಹೆಸರುಗಳು ಅದರ ಕೆಳಗಿದ್ದವು. ಕಲ್ಪಸೂತ್ರವನ್ನು ಸಂಪಾದಿಸಿದ ಹರ್ಮನ್ ಯಾಕೋಬಿಯವರ ಮೂಲಕ ಜರ್ಮನ್ ಪಾಂಡಿತ್ಯದ ಪರಿಚಯವುಳ್ಳ ವಾಚಕರಿಗೆ ಇಂಥ ಪಟ್ಟಿಯ ತೂಕವನ್ನು ವಿವರಿಸಬೇಕಾಗಿಲ್ಲ. ಒಂದು ಪಾಠವನ್ನು ಸ್ವೀಕರಿಸುವ ಮೊದಲು ದೊರೆತ ಹಸ್ತಪ್ರತಿಗಳನ್ನೆಲ್ಲ ತಾಳೆ ನೋಡುವುದು ಆ ದೇಶದ ವಿದ್ವತ್ಪರಂಪರೆ. ಅಂಥವರ ಬರಹವನ್ನು ಅವರದೇ ಅಳತೆಗೋಲಿನಿಂದ ಪರೀಕ್ಷಿಸುವುದು ಅನ್ಯಾಯವಾಗಲಾರದು.

ಮನವಿಯ ಕರಡನ್ನು ಸಿದ್ಧಪಡಿಸಿದವನು ನಾಟಕಕಾರ ಲುಡ್ವಿಗ್ ಫುಲ್ಡಾ. ರಂಗಭೂಮಿಯ ಪಳಗಿದ ಕೈ ಅದರ ರಚನೆಯಲ್ಲಿ ಎದ್ದು ಕಾಣುತ್ತದೆ. ವೈರಿಗಳ ಆರೋಪಗಳನ್ನು ಆರಾಗಿ ವಿಂಗಡಿಸಿ, ಪ್ರತಿಯೊಂದಕ್ಕೂ ಅದು ಸತ್ಯವಲ್ಲವೆಂಬ ಒಂದೇ ನಿರಾಕರಣೆಯಿಂದ ಉತ್ತರವನ್ನು ಆರಂಭಿಸಲಾಗಿದೆ. ಆರು ಸಲ ಬಡಿದ ಗಂಟೆಯಂತೆ ಅದು ಕಿವಿಯಲ್ಲಿ ಉಳಿಯುತ್ತದೆ. ಆದರೆ ಪ್ರಮಾಣವೆಂಬುದು ಎಲ್ಲಿಯೂ ಇಲ್ಲ.

ಮೊದಲನೆಯ ನಿರಾಕರಣೆಯು ಯುದ್ಧಾರಂಭದ ಹೊಣೆಯನ್ನು ಕುರಿತದ್ದು. ಜರ್ಮನಿ ಈ ಯುದ್ಧಕ್ಕೆ ಕಾರಣವಲ್ಲ. ಚಕ್ರವರ್ತಿ ಎರಡನೆಯ ವಿಲ್ಹೆಲ್ಮ್ ತನ್ನ 26 ವರ್ಷಗಳ ಆಳ್ವಿಕೆಯಲ್ಲಿ ಶಾಂತಿಯನ್ನೇ ಕಾಪಾಡಿದವನು. ಗಡಿಗಳಲ್ಲಿ ಹೊಂಚುಹಾಕಿದ್ದ ಶತ್ರುಗಳು ಮೂರು ದಿಕ್ಕುಗಳಿಂದ ಎರಗಿದ ಮೇಲೆಯೇ ಜನತೆ ಎದ್ದು ನಿಂತಿತು ಎಂಬುದು ಅದರ ಸಾರ. ಸಹಿ ಹಾಕಿದವರಿಗೆ ಇದು ತಿಳಿದದ್ದು ಹೇಗೆ? ಆಸ್ಟ್ರಿಯಾದ ದೂತ ಹೋಯೋಸ್ ತಂದ ಪತ್ರಗಳನ್ನು ಅಲ್ಲಿನ ರಾಯಭಾರಿಯು ಜುಲೈ 5ರಂದು ಪಾಟ್ಸ್‌ಡ್ಯಾಮ್‌ನಲ್ಲಿ ಚಕ್ರವರ್ತಿಯ ಮುಂದಿಟ್ಟಾಗ, ಸರ್ಬಿಯಾದ ಮೇಲೆ ಕೈಗೊಳ್ಳುವ ಯಾವ ಕ್ರಮಕ್ಕೂ ಜರ್ಮನಿಯ ಬೆಂಬಲವುಂಟೆಂಬ ವಚನ ದೊರೆಯಿತು. ಮರುದಿನ ಪ್ರಧಾನಿ ಬೇಟ್‌ಮನ್ ಹೋಲ್‌ವೇಗ್ ಅದನ್ನು ಸ್ಥಿರಪಡಿಸಿದನು. ಅದಕ್ಕೆ ಕೆಲವೇ ದಿನಗಳ ಹಿಂದೆ ವಿಯೆನ್ನಾದ ವರದಿಯೊಂದರ ಅಂಚಿನಲ್ಲಿ ಚಕ್ರವರ್ತಿಯು ಈಗಲ್ಲದಿದ್ದರೆ ಇನ್ನೆಂದಿಗೂ ಇಲ್ಲವೆಂಬ ಅರ್ಥದ ಟಿಪ್ಪಣಿ ಗೀಚಿದ್ದನು. ಇವೆಲ್ಲವೂ ರಾಜ್ಯರಹಸ್ಯಗಳಾಗಿದ್ದವು. ಸಾಮ್ರಾಜ್ಯವು ಉರುಳಿದ ತರುವಾಯ ಕಾರ್ಲ್ ಕೌಟ್ಸ್ಕಿ ಸಂಗ್ರಹಿಸಿದ ದಾಖಲೆಗಳು 1919ರಲ್ಲಿ ಅಚ್ಚಾದಾಗಲೇ ಅವು ಲೋಕಕ್ಕೆ ತಿಳಿದದ್ದು. ಪ್ಲಾಂಕ್‌ಗಾಗಲಿ ರೊಂಟ್‌ಗನ್‌ಗಾಗಲಿ 1914ರಲ್ಲಿ ಇವು ತಿಳಿದಿರಲಿಲ್ಲವೆಂಬುದು ಅವರ ಪರವಾದ ವಾದವಾಗಬಹುದು. ವಾಸ್ತವವಾಗಿ ಅದೇ ಅವರ ಮೇಲಿನ ಆಕ್ಷೇಪ. ತಿಳಿಯದ ವಿಷಯಕ್ಕೆ ತಿಳಿದವರಂತೆ ಅವರು ಸಾಕ್ಷಿ ನುಡಿದರು. ಮೇಲಾಗಿ, ಅವರಲ್ಲಿ ಹಲವರು ಮನವಿಯ ಪಠ್ಯವನ್ನೇ ಓದದೆ ತಮ್ಮ ಹೆಸರನ್ನು ಸೇರಿಸಲು ಒಪ್ಪಿಗೆಯನ್ನಿತ್ತಿದ್ದರು.

ಎರಡನೆಯ ನಿರಾಕರಣೆಗೆ ಈ ಅಜ್ಞಾನದ ಆಸರೆಯೂ ಇಲ್ಲ. ಬೆಲ್ಜಿಯಂನ ತಾಟಸ್ಥ್ಯವನ್ನು ಜರ್ಮನಿ ಅಕ್ರಮವಾಗಿ ಮುರಿಯಲಿಲ್ಲವೆಂದು ಮನವಿ ಸಾರುತ್ತದೆ. ಆದರೆ ಅದೇ ಆಗಸ್ಟ್ 4ರಂದು ಪ್ರಧಾನಿಯೇ ರೈಖ್‌ಸ್ಟಾಗ್ ಸಭೆಯಲ್ಲಿ, ಇದು ಅಂತರರಾಷ್ಟ್ರೀಯ ನ್ಯಾಯಕ್ಕೆ ವಿರುದ್ಧವಾದ ಅನ್ಯಾಯವೆಂದೂ ಮುಂದೆ ಅದನ್ನು ಸರಿಪಡಿಸುವುದಾಗಿಯೂ ಬಹಿರಂಗವಾಗಿ ಒಪ್ಪಿಕೊಂಡಿದ್ದನು. ಅಧಿಕಾರಸ್ಥನು ಒಪ್ಪಿದ ತಪ್ಪನ್ನು ಪಂಡಿತರು ಅಳಿಸಹೊರಟದ್ದು ವಿಚಿತ್ರವಾಗಿದೆ.

ಲೂವೆನ್ ನಗರದ ಪ್ರಸ್ತಾಪವು ಮನವಿಯ ಅತ್ಯಂತ ದುರ್ಬಲ ಭಾಗ. ಆಗಸ್ಟ್ 25ರ ರಾತ್ರಿ ಜರ್ಮನ್ ಸೈನಿಕರು ಅಲ್ಲಿ ಬೆಂಕಿಯಿಟ್ಟರು. 248 ನಾಗರಿಕರು ಹತರಾದರು. ವಿಶ್ವವಿದ್ಯಾಲಯದ ಗ್ರಂಥಾಲಯವು ಎರಡು ಲಕ್ಷಕ್ಕೂ ಮೇಲ್ಪಟ್ಟ ಗ್ರಂಥಗಳೊಡನೆ, ಪ್ರಾಚೀನ ಹಸ್ತಪ್ರತಿಗಳೊಡನೆ ಬೂದಿಯಾಯಿತು. ನಾಗರಿಕರು ವಂಚನೆಯಿಂದ ಎರಗಿದ್ದರಿಂದ ಭಾರವಾದ ಮನಸ್ಸಿನಿಂದ ದಂಡಿಸಬೇಕಾಯಿತೆಂದೂ, ಊರಿನ ಹೆಚ್ಚಿನ ಭಾಗ ಉಳಿದಿದೆಯೆಂದೂ, ಪ್ರಸಿದ್ಧವಾದ ಪುರಭವನಕ್ಕೆ ಹಾನಿಯಿಲ್ಲವೆಂದೂ ಮನವಿ ಸಮಾಧಾನ ಹೇಳುತ್ತದೆ. ಗ್ರಂಥಾಲಯವೆಂಬ ಶಬ್ದವೇ ಅಲ್ಲಿಲ್ಲ. ಸಹಿ ಹಾಕಿದ ಹಾರ್ನಾಕ್ ಆಗ ಬರ್ಲಿನ್ನಿನ ರಾಜಕೀಯ ಗ್ರಂಥಾಲಯದ, ಎಂದರೆ ಅರಸೊತ್ತಿಗೆಯ ಗ್ರಂಥಭಂಡಾರದ, ಮಹಾನಿರ್ದೇಶಕನಾಗಿದ್ದನೆಂಬುದನ್ನು ನೆನೆದಾಗ ಈ ಮೌನವು ಆರು ನಿರಾಕರಣೆಗಳಿಗಿಂತ ಗಟ್ಟಿಯಾಗಿ ಕೇಳಿಸುತ್ತದೆ. ಬೆಲ್ಜಿಯಂ ಮತ್ತು ಫ್ರಾನ್ಸ್‌ಗಳಲ್ಲಿ ಆ ಕೆಲವು ತಿಂಗಳುಗಳಲ್ಲಿ ಸುಮಾರು 6,500 ಮಂದಿ ನಿರಾಯುಧರು ಜರ್ಮನ್ ಸೇನೆಯಿಂದ ಹತರಾದರೆಂದು ನಂತರದ ಸಂಶೋಧನೆ ತೋರಿಸಿದೆ. ನಾಗರಿಕರು ಸಂಘಟಿತರಾಗಿ ಮರೆಯಿಂದ ಗುಂಡು ಹಾರಿಸಿದರೆಂಬುದು ಬಹುತೇಕ ಸೈನಿಕರ ಭಯವು ಹೆತ್ತ ಕಲ್ಪನೆಯಾಗಿತ್ತು.

ಮನವಿಯ ನಿಜವಾದ ತಿರುಳು ಆರನೆಯ ನಿರಾಕರಣೆಯಲ್ಲಿದೆ. ಜರ್ಮನಿಯ ಸೇನಾಪ್ರಾಬಲ್ಯದ ವಿರುದ್ಧ ಹೋರಾಡುವೆವು, ಅದರ ಸಂಸ್ಕೃತಿಯ ವಿರುದ್ಧವಲ್ಲ ಎಂದು ವೈರಿಗಳು ಹೇಳುತ್ತಿದ್ದರು. ಅಂಥ ಭೇದವೇ ಇಲ್ಲ, ಸೇನಾಬಲವಿಲ್ಲದಿದ್ದರೆ ಜರ್ಮನ್ ಸಂಸ್ಕೃತಿ ಎಂದೋ ನಾಶವಾಗುತ್ತಿತ್ತು, ಸೇನೆಯೂ ಜನತೆಯೂ ಒಂದೇ ಎಂಬುದು ಇವರ ಉತ್ತರ. ಇಲ್ಲಿ ರಾಷ್ಟ್ರದ ಗುರುತನ್ನು ಖಡ್ಗದ ಒರೆಯೊಳಗೆ ಇರಿಸಲಾಯಿತು. ಇದು ಸತ್ಯವೇ? ಹಿಂದಿನ ವರ್ಷವಷ್ಟೇ, 1913ರಲ್ಲಿ, ಅಲ್ಸಾಸ್ ಪ್ರಾಂತದ ತ್ಸಾಬರ್ನ್ ಪಟ್ಟಣದಲ್ಲಿ ಯುವ ಸೇನಾಧಿಕಾರಿಯೊಬ್ಬನು ಸ್ಥಳೀಯರನ್ನು ಹೀಯಾಳಿಸಿದನು; ಜನ ಪ್ರತಿಭಟಿಸಿದಾಗ ಸೇನೆಯು ಅಧಿಕಾರವಿಲ್ಲದೆ ನಾಗರಿಕರನ್ನು ಬಂಧಿಸಿತು; ಆ ಅಧಿಕಾರಿಯೇ ಕುಂಟನಾದ ಚಮ್ಮಾರನೊಬ್ಬನನ್ನು ಕತ್ತಿಯಿಂದ ಹೊಡೆದನು. ರೈಖ್‌ಸ್ಟಾಗ್ 54ಕ್ಕೆ ವಿರುದ್ಧವಾಗಿ 293 ಮತಗಳಿಂದ ಪ್ರಧಾನಿಯ ಮೇಲೆ ಅವಿಶ್ವಾಸವನ್ನು ಸೂಚಿಸಿತು. ಪ್ರಧಾನಿಯು ಪದವಿಯಲ್ಲೇ ಉಳಿದನು. ಬಂಧನಕ್ಕೆ ಆಜ್ಞೆಯಿತ್ತ ಕರ್ನಲ್ ಸೇನಾನ್ಯಾಯಾಲಯದಲ್ಲಿ ನಿರ್ದೋಷಿಯೆನಿಸಿದನು. ಸೇನೆ ಮತ್ತು ಜನತೆ ಒಂದೇ ಎಂಬ ಮಾತಿಗೆ ಆ 293 ಮತಗಳೇ ಉತ್ತರ. ಮನವಿಯು ಕೊನೆಯಲ್ಲಿ ಗಯಟೆ, ಬೀಥೋವನ್, ಕಾಂಟ್ ಇವರ ಪರಂಪರೆಯ ಹೆಸರಿನಲ್ಲಿ ಆಣೆಯಿಡುತ್ತದೆ. ಶಾಶ್ವತ ಶಾಂತಿಯನ್ನು ಕುರಿತು 1795ರಲ್ಲಿ ಬರೆದ ಕಾಂಟ್, ಸ್ಥಾಯೀಸೇನೆಗಳು ಕಾಲಕ್ರಮದಲ್ಲಿ ಸಂಪೂರ್ಣ ಇಲ್ಲವಾಗಬೇಕೆಂದು ವಿಧಿಸಿದ್ದನು!

ಯುದ್ಧಾರಂಭದ ಹೊಣೆ ಜರ್ಮನಿಯೊಂದರದೇ ಅಲ್ಲವೆಂಬ ಆಕ್ಷೇಪವನ್ನು ಅಲಕ್ಷಿಸಲಾಗದು. ಹಾಂಬುರ್ಗ್‌ನ ಪ್ರಾಧ್ಯಾಪಕ ಫ್ರಿಟ್ಸ್ ಫಿಷರ್ 1961ರ ಗ್ರಂಥದಲ್ಲಿ, 1914ರ ಸೆಪ್ಟೆಂಬರ್ 9ರ ವಿಸ್ತರಣಾ ಯೋಜನೆಯ ದಾಖಲೆಯನ್ನು ಮುಂದಿಟ್ಟು, ತನ್ನ ದೇಶದ ಮೇಲೆಯೇ ಹೊಣೆಯ ದೊಡ್ಡ ಪಾಲನ್ನು ಹೊರಿಸಿದನು. ಕ್ರಿಸ್ಟಫರ್ ಕ್ಲಾರ್ಕ್ 2012ರ ಗ್ರಂಥದಲ್ಲಿ ಎಲ್ಲ ರಾಜಧಾನಿಗಳ ನಾಯಕರೂ ನಿದ್ರೆಯಲ್ಲಿ ನಡೆಯುವವರಂತೆ ಪ್ರಪಾತಕ್ಕೆ ಸಾಗಿದರೆಂದು ವಾದಿಸಿದನು. ರಷ್ಯಾದ ಸರ್ವಸೇನಾ ಸಜ್ಜಿಕೆ, ವಿಯೆನ್ನಾದ ಹಠ ಇವೂ ಲೆಕ್ಕಕ್ಕೆ ಬರಬೇಕಾದವುಗಳೇ. ಆದರೆ ಬೆಲ್ಜಿಯಂನ ಗಡಿಯನ್ನು ಯಾರೂ ನಿದ್ರೆಯಲ್ಲಿ ದಾಟಲಿಲ್ಲ. ಆ ದಾರಿಯನ್ನು ಸೇನಾಕಾರ್ಯಾಲಯವು ವರ್ಷಗಳ ಹಿಂದೆಯೇ ಗುರುತಿಸಿತ್ತು. ಇಂಗ್ಲೆಂಡಿನ ಲೇಖಕರೂ ಸೆಪ್ಟೆಂಬರಿನಲ್ಲಿ ತಮ್ಮ ಸರ್ಕಾರದ ಪರವಾಗಿ ಹೇಳಿಕೆಯನ್ನು ಹೊರಡಿಸಿದ್ದರೆಂಬುದನ್ನೂ ಇಲ್ಲಿ ಹೇಳಬೇಕು. ರೋಗ ಒಂದೇ ದೇಶದ್ದಾಗಿರಲಿಲ್ಲ.

ಶರೀರಕ್ರಿಯಾಶಾಸ್ತ್ರಜ್ಞ ನಿಕೊಲಾಯ್ ಕೂಡಲೇ ಇದಕ್ಕೆ ಪ್ರತಿಯಾಗಿ ಯುರೋಪಿಯನರಿಗೆ ಒಂದು ಮನವಿಯನ್ನು ಬರೆದನು. ಅದಕ್ಕೆ ಸೇರಿದವರು ಐನ್‌ಸ್ಟೈನ್, ಬ್ಯೂಕ್ ಮತ್ತು ವೃದ್ಧ ಖಗೋಳವಿಜ್ಞಾನಿ ಫೋರ್ಸ್ಟರ್, ಮೂವರೇ. ಫೋರ್ಸ್ಟರ್ ಮೊದಲಿನ ಮನವಿಗೂ ಸಹಿ ಹಾಕಿದ್ದವನು. ಒಂದೇ ತಿಂಗಳಲ್ಲಿ ತನ್ನ ಮಾತನ್ನು ತಿದ್ದಿಕೊಳ್ಳುವ ಧೈರ್ಯ ಅವನಿಗಿತ್ತು. ಪ್ಲಾಂಕ್ 1916ರಲ್ಲಿ ಡಚ್ ವಿಜ್ಞಾನಿ ಲೊರೆಂಟ್ಸ್‌ಗೆ ಬರೆದ ಬಹಿರಂಗ ಪತ್ರದಲ್ಲಿ ತನ್ನ ನಿಲುವನ್ನು ಭಾಗಶಃ ಸಡಿಲಿಸಿದನು. ಹಾಬರ್ 1915ರ ಏಪ್ರಿಲ್‌ನಲ್ಲಿ ಈಪ್ರ್ ರಣರಂಗದಲ್ಲಿ ವಿಷಾನಿಲ ಪ್ರಯೋಗದ ಮೇಲ್ವಿಚಾರಣೆ ನಡೆಸಿದನು. ಯೆಹೂದ್ಯನಾಗಿದ್ದ ಫುಲ್ಡಾ, ತಾನು ಯಾವ ರಾಷ್ಟ್ರಕ್ಕಾಗಿ ಆರು ಸಲ ಆಣೆಯಿಟ್ಟನೋ ಆ ರಾಷ್ಟ್ರವೇ ಬೇಟೆಯಾಡತೊಡಗಿದಾಗ, 1939ರಲ್ಲಿ ಬರ್ಲಿನ್ನಿನಲ್ಲಿ ಆತ್ಮಹತ್ಯೆ ಮಾಡಿಕೊಂಡನು.

1919ರ ವರ್ಸೇಲ್ಸ್ ಒಪ್ಪಂದದ 231ನೆಯ ವಿಧಿಯು ಯುದ್ಧದ ಹೊಣೆಯನ್ನು ಜರ್ಮನಿ ಮತ್ತು ಅದರ ಮಿತ್ರರ ಮೇಲೆ ಹೊರಿಸಿತು. ಅದರ ಬಗೆಗಿನ ವಾದ ಇಂದಿಗೂ ಮುಗಿದಿಲ್ಲ. ಅದೇ ಒಪ್ಪಂದದ 247ನೆಯ ವಿಧಿಯಂತೆ, ಸುಟ್ಟುಹೋದವುಗಳಿಗೆ ಸಮನಾದ ಗ್ರಂಥಗಳನ್ನೂ ಹಸ್ತಪ್ರತಿಗಳನ್ನೂ ಜರ್ಮನಿ ಲೂವೆನ್ನಿಗೆ ಒದಗಿಸಬೇಕಾಗಿತ್ತು. ಹೊಸ ಗ್ರಂಥಾಲಯವು 1928ರಲ್ಲಿ ತೆರೆಯಿತು. 1940ರ ಮೇ ತಿಂಗಳ ಜರ್ಮನ್ ಆಕ್ರಮಣದಲ್ಲಿ ಅದೂ ಸುಟ್ಟುಹೋಯಿತು.